ಗರಡಿಯೂ ಗ್ರಂಥಾಲಯವೂ

‘ದೇಶ ಸುತ್ತು, ಕೋಶ ಓದು’ ಎಂಬುದು ಕನ್ನಡಿಗರ ಹಳೆಯ ಗಾದೆ. ನಾಲ್ಕೇ ಪದಗಳ ಈ ಗಾದೆಯಲ್ಲಿ ಒಂದು ಸಮಗ್ರ ಶಿಕ್ಷಣಶಾಸ್ತ್ರವೇ ಅಡಗಿದೆ. ಸುತ್ತುವುದು ಕಾಲಿನ ಕೆಲಸ. ಓದುವುದು ಕಣ್ಣಿನ ಕೆಲಸ. ಗಾದೆಯನ್ನು ಕಟ್ಟಿದ ಹಿರಿಯರು ಇವೆರಡರ ನಡುವೆ ‘ಅಥವಾ’ ಎಂಬ ಪದವನ್ನು ಇರಿಸಲಿಲ್ಲ. ಸುತ್ತದೆ ಓದಿದವನ ಅರಿವು ಕಾಗದದ ಹೂವಿನಂತೆ. ಓದದೆ ಸುತ್ತಿದವನ ಅನುಭವ ಕಟ್ಟೆಯಿಲ್ಲದ ಕೆರೆಯಂತೆ. ದೇಹದ ದುಡಿಮೆಯೂ ಬುದ್ಧಿಯ ದುಡಿಮೆಯೂ ಒಂದೇ ನೊಗಕ್ಕೆ ಹೂಡಿದ ಎರಡು ಎತ್ತುಗಳೆಂದು ಅವರು ತಿಳಿದಿದ್ದರು. ಒಂದು ಎತ್ತನ್ನು ಬಿಚ್ಚಿ ಕೊಟ್ಟಿಗೆಯಲ್ಲಿ ಕಟ್ಟಿ, ಇನ್ನೊಂದರಿಂದಲೇ ಹೊಲವನ್ನೆಲ್ಲ ಉಳಿಸಲು ಹೊರಟಿರುವುದು ಇಂದಿನ ವಿದ್ಯಾಭ್ಯಾಸದ ವಿಲಕ್ಷಣ ಸ್ಥಿತಿಯಾಗಿದೆ.

ಯಾವುದೇ ಪ್ರೌಢಶಾಲೆಯ ವಾರ್ಷಿಕ ಸಂಚಿಕೆಯನ್ನು ತೆರೆದು ನೋಡಿದರೆ ಎರಡು ಪಟ್ಟಿಗಳು ತಪ್ಪದೆ ಕಾಣುತ್ತವೆ. ಮೊದಲನೆಯದು ಪರೀಕ್ಷೆಯಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದವರ ಪಟ್ಟಿ; ಎರಡನೆಯದು ಕ್ರೀಡಾಕೂಟದಲ್ಲಿ ಬಹುಮಾನ ಗಳಿಸಿದವರ ಪಟ್ಟಿ. ಒಂದೇ ಹೆಸರು ಎರಡೂ ಪಟ್ಟಿಗಳಲ್ಲಿ ಕಾಣಿಸುವುದು ಅಪರೂಪ. ಇದನ್ನು ಪ್ರಕೃತಿನಿಯಮವೆಂದೇ ಅನೇಕರು ನಂಬಿದ್ದಾರೆ. ‘ಅವನು ಆಟದ ಹುಡುಗ’ ಎಂದರೆ ಓದಿನಲ್ಲಿ ಹಿಂದೆ ಎಂದರ್ಥ. ‘ಅವಳು ಓದುವ ಹುಡುಗಿ’ ಎಂದರೆ ಬಿಸಿಲಿಗೆ ಬಾರದವಳು ಎಂದರ್ಥ. ಆದರೆ ಈ ಎರಡೂ ಪಟ್ಟಿಗಳಲ್ಲಿ ಸೇರದ ಮಕ್ಕಳ ಮೂರನೆಯ ಪಟ್ಟಿಯೊಂದುಂಟು. ಅದು ಯಾವ ಸಂಚಿಕೆಯಲ್ಲಿಯೂ ಅಚ್ಚಾಗುವುದಿಲ್ಲ. ಮೂರರಲ್ಲಿ ಅದೇ ಎಲ್ಲಕ್ಕಿಂತ ಉದ್ದವಾದುದು. ಒಂದು ವಿದ್ಯಾಸಂಸ್ಥೆಯ ಯೋಗ್ಯತೆಯನ್ನು ಅಳೆಯಬೇಕಾದುದು ಈ ಮೂರನೆಯ ಪಟ್ಟಿಯಿಂದ ಎಂಬುದನ್ನು ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೂಡಿ ಆಲೋಚಿಸಬೇಕಾದ ಕಾಲ ಬಂದಿದೆ.

ಉತ್ಕೃಷ್ಟತೆ ಎಂಬ ಪದವನ್ನು ಇಂದು ಧಾರಾಳವಾಗಿ ಬಳಸಲಾಗುತ್ತಿದೆ. ಅದರ ನಿಜವಾದ ಅರ್ಥವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಬಳ್ಳಾರಿ ನಗರದ ಹೊರವಲಯದಲ್ಲಿರುವ ಸಂಗನಕಲ್ಲಿನ ಗುಡ್ಡಗಳನ್ನು ಹತ್ತಿದರೆ ಸಾಕು. ನವಶಿಲಾಯುಗದ ಜನ ಅಲ್ಲಿ ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದರು. ಒರಟಾಗಿ ಒಡೆದ ಕಲ್ಲನ್ನು ಬಂಡೆಯ ಮೇಲೆ ತಿಕ್ಕಿ ತಿಕ್ಕಿ ನುಣುಪುಗೊಳಿಸಿದ ಸ್ಥಳಗಳಲ್ಲಿ ಇಂದಿಗೂ ನೀಳವಾದ ತೋಡುಗಳು ಉಳಿದಿವೆ. ಆ ತೋಡುಗಳನ್ನು ಯಾರೂ ಕೊರೆಯಬೇಕೆಂದು ಕೊರೆದುದಲ್ಲ. ಕೆಲಸ ಮಾಡುತ್ತ ಮಾಡುತ್ತ ಬಂಡೆಯೇ ಸವೆದುದು. ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಡಾ. ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನವೂ ಅಂತಹುದೇ ಜನಜೀವನವನ್ನು ಬೆಳಕಿಗೆ ತಂದಿತು. ಈ ಜಿಲ್ಲೆಯ ಮೊದಲ ಪಾಠಶಾಲೆಗಳು ಈ ಬಂಡೆಗಳೇ ಎಂದರೆ ಅತಿಶಯೋಕ್ತಿಯಲ್ಲ. ಅಲ್ಲಿ ಕಲಿಸಿದ ಪಾಠ ಒಂದೇ: ಅಭ್ಯಾಸ. ಕನ್ನಡದಲ್ಲಿ ಓದಿಗೂ ‘ಅಭ್ಯಾಸ’ವೆನ್ನುತ್ತಾರೆ, ಮೈದಾನದ ಸಾಧನೆಗೂ ‘ಅಭ್ಯಾಸ’ವೆನ್ನುತ್ತಾರೆ, ರೂಢಿಗೂ ‘ಅಭ್ಯಾಸ’ವೆನ್ನುತ್ತಾರೆ. ಭಾಷೆ ಈ ಮೂರನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟಿದೆ. ಶಾಲೆಯ ವೇಳಾಪಟ್ಟಿ ಮಾತ್ರ ಅವನ್ನು ಬೇರ್ಪಡಿಸಿದೆ.

ಕುರುಗೋಡಿನ ದೊಡ್ಡಬಸವೇಶ್ವರನ ಮುಂದೆ ನಿಂತ ಪ್ರತಿಯೊಬ್ಬ ಭಕ್ತನೂ ಆ ಏಕಶಿಲಾ ಮೂರ್ತಿಯ ಗಾತ್ರಕ್ಕೆ ಬೆರಗಾಗುತ್ತಾನೆ. ಆದರೆ ಆ ಬೆರಗಿನ ಹಿಂದೆ ಹೆಸರಿಲ್ಲದ ಶಿಲ್ಪಿಗಳ ಎಷ್ಟು ದಿನಗಳ ಉಳಿಯೇಟು ಇದ್ದೀತು! ಕುರುಗೋಡು ಒಂದು ಕಾಲದಲ್ಲಿ ಸಿಂದ ಅರಸರ ರಾಜಧಾನಿಯಾಗಿತ್ತು. ಈ ಸಿಂದರು ಕಲ್ಯಾಣ ಚಾಲುಕ್ಯರ ಮಾಂಡಲಿಕರು. ಅದೇ ಕಲ್ಯಾಣ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಮಹಾಗ್ರಂಥವನ್ನು ರಚಿಸಿದನು. ರಾಜನೀತಿ, ಪಾಕಶಾಸ್ತ್ರ, ಸಂಗೀತ, ಚಿತ್ರಕಲೆಗಳ ಜೊತೆಯಲ್ಲಿಯೇ ಆ ಗ್ರಂಥದಲ್ಲಿ ಮಲ್ಲವಿನೋದಕ್ಕೂ ಸ್ಥಾನವಿದೆ. ಜಟ್ಟಿಗಳ ತರಗತಿಗಳು, ಅವರ ಆಹಾರ, ಅವರ ವ್ಯಾಯಾಮ ಇವೆಲ್ಲವನ್ನೂ ರಾಜನೊಬ್ಬನು ಶಾಸ್ತ್ರದ ಗಾಂಭೀರ್ಯದಿಂದ ನಿರೂಪಿಸಿದ್ದಾನೆ. ಗರಡಿಯ ಮಣ್ಣನ್ನು ಪುಸ್ತಕಕ್ಕೆ ತರಲು ಅವನು ನಾಚಲಿಲ್ಲ. ಸುಮಾರು ಒಂಬೈನೂರು ವರ್ಷಗಳ ಹಿಂದೆ ಒಂದೇ ಹೊತ್ತಗೆಯಲ್ಲಿ ಕೂಡಿದ್ದ ಸಂಗತಿಗಳು ಇಂದು ಒಂದೇ ಶಾಲೆಯಲ್ಲಿ ಕೂಡಲಾರದೆ ಹೋಗಿರುವುದು ವಿಷಾದದ ಸಂಗತಿ.

ಓದಿನ ವಿಚಾರಕ್ಕೆ ಬಂದರೆ ಬಳ್ಳಾರಿಗೆ ಒಂದು ವಿಶೇಷವಾದ ನೆನಪಿದೆ. 1926ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಈ ನಗರದಲ್ಲಿ ಸೇರಿತು. ಬಳ್ಳಾರಿ ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಸೇರಲು ಇನ್ನೂ ಇಪ್ಪತ್ತೇಳು ವರ್ಷ ಕಾಯಬೇಕಾಗಿತ್ತು. ಆ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ವಿಜಯಪುರದ ಫ. ಗು. ಹಳಕಟ್ಟಿಯವರು. ವೃತ್ತಿಯಿಂದ ಅವರು ವಕೀಲರು. ಮಠಮನೆಗಳ ಅಟ್ಟಗಳಲ್ಲಿ, ಜಗುಲಿಗಳಲ್ಲಿ, ಅರಿವೆಯ ಗಂಟುಗಳಲ್ಲಿ ಧೂಳು ಹಿಡಿದಿದ್ದ ವಚನಗಳ ತಾಳೆಗರಿಗಳನ್ನು ಹುಡುಕಿ, ಓದಿ, ಪ್ರತಿಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಮುದ್ರಣಾಲಯವನ್ನು ಸ್ಥಾಪಿಸುವುದಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಬಳ್ಳಾರಿಯ ಸಮ್ಮೇಳನ ನಡೆದ ವರ್ಷವೇ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಇಂದು ಯಾವ ಶಾಲೆಯ ಪ್ರಾರ್ಥನೆಯಲ್ಲಿ ವಚನಗಳು ಕೇಳಿಬರುತ್ತವೆಯೋ ಆ ಶಾಲೆಯ ಮೇಲೆಲ್ಲ ಈ ವಕೀಲರ ಋಣವಿದೆ.

ಹಳಕಟ್ಟಿಯವರ ಜೀವನವನ್ನು ಇಲ್ಲಿ ನೆನೆಯುವುದು ಗೌರವ ಸಲ್ಲಿಸುವುದಕ್ಕಷ್ಟೇ ಅಲ್ಲ. ಓದು ಎಂದರೇನೆಂಬುದನ್ನು ಅವರ ಬದುಕು ಸ್ಪಷ್ಟಪಡಿಸುತ್ತದೆ. ಅವರ ಓದಿಗೆ ಪರೀಕ್ಷೆಯಿರಲಿಲ್ಲ, ಅಂಕಗಳಿರಲಿಲ್ಲ. ಮಾಸಿದ ಗರಿಯ ಮೇಲಿನ ಒಂದು ಅಕ್ಷರ ತಿಳಿಯದಿದ್ದರೆ ಇನ್ನೊಂದು ಪ್ರತಿ ದೊರೆಯುವವರೆಗೆ ಕಾಯಬೇಕಾಗಿತ್ತು. ಈ ಕಾಯುವಿಕೆ, ಈ ಹೋಲಿಸುವಿಕೆ, ಈ ಮರಳಿ ಮರಳಿ ನೋಡುವಿಕೆ ಇವೇ ಓದಿನ ಗರಡಿಯ ಸಾಮುಗಳು. ಪ್ರಶ್ನೆಪತ್ರಿಕೆಯ ಸಂಭವನೀಯ ಉತ್ತರಗಳನ್ನು ಉರು ಹೊಡೆಯುವುದಕ್ಕೆ ಓದು ಎಂದು ಕರೆಯುವುದಾದರೆ, ಕನ್ನಡಿಯ ಮುಂದೆ ನಿಂತು ಮೀಸೆ ತಿರುವುವುದನ್ನೂ ಕುಸ್ತಿಯೆಂದೇ ಕರೆಯಬೇಕಾದೀತು.

ಬಹುಸಂಖ್ಯೆಯ ಶಾಲೆಗಳಲ್ಲಿ ಗ್ರಂಥಾಲಯದ ಸ್ಥಿತಿ ಹೇಗಿದೆ? ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಎರಡು ಮೂರು ಕಪಾಟುಗಳು. ಕಪಾಟಿಗೆ ಬೀಗ. ಬೀಗದ ಕೈ ಒಬ್ಬ ಶಿಕ್ಷಕರಲ್ಲಿ. ಅವರಿಗೆ ಪಾಠದ ಹೊರೆ ಬೇರೆ. ಪುಸ್ತಕ ಕಳೆದರೆ ಲೆಕ್ಕಪರಿಶೋಧಕರಿಗೆ ಉತ್ತರ ಹೇಳಬೇಕಾದವರು ಅವರೇ. ಆದಕಾರಣ ಯಾರ ಕೈಗೂ ಸಿಗದ ಪುಸ್ತಕವೇ ಅತ್ಯಂತ ಸುರಕ್ಷಿತವಾದ ಪುಸ್ತಕ ಎಂಬ ನೀತಿ ಬೆಳೆದುಬಂದಿದೆ. ಇದರಲ್ಲಿ ಆ ಶಿಕ್ಷಕರ ತಪ್ಪಿಗಿಂತ ವ್ಯವಸ್ಥೆಯ ತಪ್ಪೇ ಹೆಚ್ಚು. ಹರಿದ ಪುಸ್ತಕವನ್ನು ಕಂಡು ಸಿಡುಕುವ ಶಾಲೆಯಲ್ಲಿ ಓದುವ ಮಗು ಬೆಳೆಯದು. ಪುಸ್ತಕ ಹರಿಯುವುದು ಓದಿದ್ದರ ಗುರುತು ಎಂದು ಸಂತೋಷಪಟ್ಟು ಇನ್ನೊಂದು ಪ್ರತಿ ತರಿಸುವ ಶಾಲೆಯಲ್ಲಿ ಬೆಳೆದೀತು. ಕ್ರೀಡಾಸಾಮಗ್ರಿಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಹೊಸ ಚೆಂಡು ಬೀರುವಿನಲ್ಲಿ ಗಾಳಿ ಇಳಿದು ಮುಪ್ಪಾಗುತ್ತದೆ. ಮಕ್ಕಳು ಅರಿವೆಯ ಚೆಂಡಿನಲ್ಲಿ ಆಡುತ್ತಾರೆ.

ಓದೂ ಆಟವೂ ಪರಸ್ಪರ ವೈರಿಗಳೆಂಬ ನಂಬಿಕೆ ಎಷ್ಟು ಹುಸಿಯೆಂಬುದಕ್ಕೆ ಕರ್ನಾಟಕದ ಕ್ರೀಡಾಚರಿತ್ರೆಯೇ ಸಾಕ್ಷಿ. ಎರಪಳ್ಳಿ ಪ್ರಸನ್ನ ಅವರು 1962ರ ಆರಂಭದಲ್ಲಿ ಭಾರತ ತಂಡದ ಪರವಾಗಿ ಮೊದಲ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಹೋಗಿ ಬಂದರು. ಇಪ್ಪತ್ತೆರಡು ತುಂಬುತ್ತಿದ್ದ ತರುಣನಿಗೆ ಅಂತಾರಾಷ್ಟ್ರೀಯ ಕ್ರಿಕೆಟ್ಟಿನ ಬಾಗಿಲು ತೆರೆದಿತ್ತು. ಆದರೆ ಅವರು ಮೈಸೂರಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗವನ್ನು ಪೂರ್ಣಗೊಳಿಸುವುದಕ್ಕಾಗಿ ಟೆಸ್ಟ್ ಕ್ರಿಕೆಟ್ಟಿನಿಂದ ದೂರ ಸರಿದರು. ಮರಳಿದುದು 1967ರಲ್ಲಿ. ಐದು ವರ್ಷ ಎಂದರೆ ಆಟಗಾರನ ಜೀವನದಲ್ಲಿ ಒಂದು ಯುಗ. ಅವರನ್ನು ಜನ ಮರೆತರೆಂದೇ ತಿಳಿಯಬೇಕು. ಆದರೆ ಮರಳಿ ಬಂದ ಪ್ರಸನ್ನ ಕೇವಲ ಇಪ್ಪತ್ತು ಟೆಸ್ಟ್‌ಗಳಲ್ಲಿ ನೂರು ವಿಕೆಟ್‌ಗಳನ್ನು ಪೂರೈಸಿದರು. ಭಾರತೀಯರಲ್ಲಿ ಆ ದಾಖಲೆ ದಶಕಗಳ ಕಾಲ ಅಳಿಯದೆ ಉಳಿಯಿತು. ಗಾಳಿಯ ಬೀಸು, ಚೆಂಡಿನ ಏರಿಳಿತ, ಬ್ಯಾಟುಗಾರನ ಮನಸ್ಸು ಇವನ್ನೆಲ್ಲ ಲೆಕ್ಕ ಹಾಕಿ ಎಸೆಯುತ್ತಿದ್ದ ಆ ಬೌಲಿಂಗನ್ನು ಕಂಡವರಿಗೆ ಐದು ವರ್ಷದ ವ್ಯಾಸಂಗ ವ್ಯರ್ಥವಾಯಿತೆಂದು ಹೇಳುವ ಧೈರ್ಯ ಬಾರದು.

ಮಠಗಳು ನಡೆಸುವ ವಿದ್ಯಾಸಂಸ್ಥೆಗಳಿಗೆ ಇನ್ನೂ ಹತ್ತಿರದ ನಿದರ್ಶನ ಜಾವಗಲ್ ಶ್ರೀನಾಥ್ ಅವರದು. ಸುತ್ತೂರು ಶ್ರೀಮಠದ ಆಶ್ರಯದಲ್ಲಿ 1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನ ಪದವೀಧರರು ಅವರು. ಭಾರತದ ಪರವಾಗಿ ಟೆಸ್ಟ್ ಪಂದ್ಯಗಳಲ್ಲಿ 236 ವಿಕೆಟ್, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಗಳಿಸಿದ ವೇಗದ ಬೌಲರ್ ಒಬ್ಬರು ಕಾವಿಯ ನೆರಳಿನಲ್ಲಿ ಕಟ್ಟಿದ ಕಾಲೇಜಿನಲ್ಲಿ ಓದಿದರೆಂಬುದು ಹೆಮ್ಮೆಯ ಸಂಗತಿ. ಅನಿಲ್ ಕುಂಬ್ಳೆಯವರೂ ಇಂಜಿನಿಯರಿಂಗ್ ಪದವೀಧರರೇ. ಭಾರತದ ಪರವಾಗಿ ಅತಿ ಹೆಚ್ಚು ಟೆಸ್ಟ್ ವಿಕೆಟ್‌ಗಳನ್ನು, ಅಂದರೆ 619 ವಿಕೆಟ್‌ಗಳನ್ನು ಪಡೆದವರು ಅವರು.

ಪುಸ್ತಕದ ಓದು ಆಟಗಾರನಿಗೆ ಏನು ಕೊಡಬಲ್ಲದು ಎಂಬುದಕ್ಕೆ ರಾಹುಲ್ ದ್ರಾವಿಡ್ ಅವರನ್ನು ನೋಡಬೇಕು. 2011ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದ ಯುದ್ಧಸ್ಮಾರಕದಲ್ಲಿ ಬ್ರಾಡ್‌ಮನ್ ಸ್ಮಾರಕೋಪನ್ಯಾಸವನ್ನು ನೀಡುವ ಗೌರವ ಅವರಿಗೆ ದೊರೆಯಿತು. ಆಸ್ಟ್ರೇಲಿಯನ್ನರಲ್ಲದವರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಅಲ್ಲಿ ಅವರು ಎರಡು ದೇಶಗಳ ಸೈನಿಕರು ಮಹಾಯುದ್ಧಗಳಲ್ಲಿ ಒಟ್ಟಾಗಿ ಹೋರಾಡಿದುದನ್ನು ನೆನೆದರು. ಸಣ್ಣ ಊರುಗಳಿಂದ, ಬೇರೆ ಬೇರೆ ಭಾಷೆಗಳಿಂದ ಬಂದು ಒಂದು ತಂಡವಾಗುವ ಹುಡುಗರ ಕಥೆಯನ್ನು ಹೇಳಿದರು. ಚರಿತ್ರೆಯನ್ನು ಓದದ ಆಟಗಾರನ ಬಾಯಲ್ಲಿ ಬರುವ ಮಾತುಗಳಲ್ಲ ಅವು. ದಿನವಿಡೀ ಕ್ರೀಸಿನಲ್ಲಿ ನಿಲ್ಲುವ ತಾಳ್ಮೆಯೂ ದಪ್ಪ ಪುಸ್ತಕವೊಂದರ ಕೊನೆಯ ಪುಟವನ್ನು ಮುಟ್ಟುವ ತಾಳ್ಮೆಯೂ ಒಂದೇ ಜಾತಿಯವು.

ಸಾಧನೆಗೆ ಸಲಕರಣೆ ಸಾಲದೆಂದು ಕೈಚೆಲ್ಲುವವರು ಪ್ರಕಾಶ್ ಪಡುಕೋಣೆಯವರನ್ನು ನೆನೆಯಬೇಕು. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಇಂಡೊನೇಷ್ಯದ ಲಿಯಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ, ಆ ಪ್ರಶಸ್ತಿಯನ್ನು ಗೆದ್ದ ಮೊದಲ ಭಾರತೀಯರಾದರು. ಅವರು ಬಾಲ್ಯದಲ್ಲಿ ಕಲಿತದ್ದು ಬೆಂಗಳೂರು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಸಭಾಂಗಣದಲ್ಲಿ. ಮದುವೆಗಳಿದ್ದ ದಿನ ಆಟವಿಲ್ಲ. ಹಂದರದ ಹೂವುಗಳನ್ನು ಗುಡಿಸಿದ ಮೇಲೆ ಮತ್ತೆ ಆಟ. ಮೈಸೂರಿನ ಬಿ. ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲಿಯೇ ಪೋಲಿಯೋಗೆ ತುತ್ತಾಗಿ ಸಣಕಲಾಗಿತ್ತು. ಅದೇ ಕೈಯಿಂದ 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನಿಗೆ ಆರು ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲುವನ್ನು ತಂದುಕೊಟ್ಟರು. ಹಾಸನ ಜಿಲ್ಲೆಯ ಎಚ್. ಎನ್. ಗಿರೀಶ ಅವರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿಯ ಪದಕ ಗೆದ್ದರು. ಕೊರತೆಯೇ ಕೌಶಲವಾಗುವ ಈ ಪವಾಡವು ದೈವದತ್ತವಲ್ಲ. ದಿನದಿನದ ಅಭ್ಯಾಸದ ಫಲ.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕಾಗುತ್ತದೆ. ಸಿರುಗುಪ್ಪದ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುವ ತಾಯಿ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆಯಿಂದ ದಿನಗೂಲಿ ಪಡೆಯುವ ತಂದೆ, ಮಳೆ ಕೈಕೊಟ್ಟ ವರ್ಷ ಗುಳೆ ಹೊರಡುವ ಕುಟುಂಬ ಇವರೆಲ್ಲ ಮಗುವನ್ನು ಶಾಲೆಗೆ ಕಳಿಸುವುದು ಅಂಕಗಳಿಗಾಗಿ. ಅಂಕಗಳಿಂದ ದೊರೆಯುವ ಉದ್ಯೋಗಕ್ಕಾಗಿ. ‘ಆಟ ಉಳ್ಳವರ ಮಕ್ಕಳಿಗೆ’ ಎಂದು ಅವರು ಹೇಳಿದರೆ ಆ ಮಾತನ್ನು ಲಘುವಾಗಿ ತಳ್ಳಿಹಾಕಲಾಗದು. ಸಂವಿಧಾನದ 371(ಜೆ) ವಿಧಿಯಿಂದ ಬಳ್ಳಾರಿಯೂ ಸೇರಿದಂತೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ವೃತ್ತಿಶಿಕ್ಷಣದಲ್ಲಿಯೂ ಸರ್ಕಾರಿ ಉದ್ಯೋಗದಲ್ಲಿಯೂ ಮೀಸಲು ಸ್ಥಾನಗಳು ದೊರೆತ ಮೇಲೆ ಅಂಕಗಳ ಬೆಲೆ ಮತ್ತಷ್ಟು ಏರಿದೆ. ತಲೆಮಾರುಗಳ ಕಾಲ ಮುಚ್ಚಿದ್ದ ಬಾಗಿಲು ತೆರೆದಾಗ ಅದರತ್ತ ಓಡುವ ಮಗುವನ್ನು ಮೈದಾನಕ್ಕೆ ಕರೆಯುವುದು ಎಷ್ಟರಮಟ್ಟಿಗೆ ಸರಿ?

ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಅದು ಪೂರ್ಣಸತ್ಯವಲ್ಲ. ಬಾಗಿಲು ದಾಟುವುದು ಒಂದು ಕೆಲಸ. ದಾಟಿದ ಮೇಲೆ ಒಳಗೆ ನಿಲ್ಲುವುದು ಇನ್ನೊಂದು. ಹಳ್ಳಿಯ ಶಾಲೆಯಲ್ಲಿ ಮೊದಲಿಗನಾಗಿದ್ದ ಹುಡುಗ ದೊಡ್ಡ ನಗರದ ಕಾಲೇಜಿನ ಮೊದಲ ಕಿರುಪರೀಕ್ಷೆಯಲ್ಲಿ ಅನುತ್ತೀರ್ಣನಾದಾಗ ಕುಸಿದು ಊರಿಗೆ ಮರಳುವುದು ಅಪರೂಪದ ಸಂಗತಿಯಲ್ಲ. ಅವನಿಗೆ ಬುದ್ಧಿಯ ಕೊರತೆಯಿರಲಿಲ್ಲ. ಸೋಲಿನ ಅಭ್ಯಾಸದ ಕೊರತೆಯಿತ್ತು. ಸೋಲನ್ನು ಕಲಿಸುವ ಏಕೈಕ ಶಾಲೆ ಮೈದಾನ. ಕಬಡ್ಡಿಯಲ್ಲಿ ಔಟಾದವನು ಗೆರೆಯಾಚೆ ಕುಳಿತು, ತನ್ನ ಪಕ್ಷದವನೊಬ್ಬನು ಎದುರಾಳಿಯನ್ನು ಔಟು ಮಾಡಿದ ಕೂಡಲೇ ಮರಳಿ ಒಳಗೆ ಬರುತ್ತಾನೆ. ಒಬ್ಬನ ಸೋಲನ್ನು ಇನ್ನೊಬ್ಬನ ಸಾಹಸ ತುಂಬಿಕೊಡುತ್ತದೆಂಬ ಈ ಪಾಠ ಯಾವ ಪಠ್ಯಪುಸ್ತಕದಲ್ಲಿದೆ? ಖೋಖೋ ಆಟದಲ್ಲಿ ಕುಳಿತವನು ಕರೆ ಬರುವವರೆಗೆ ಏಳುವಂತಿಲ್ಲ. ಕರೆ ಬಂದ ಮೇಲೆ ಕ್ಷಣವೂ ತಡೆಯುವಂತಿಲ್ಲ. ತಾಳ್ಮೆ, ತ್ವರೆ ಎರಡನ್ನೂ ಒಂದೇ ಉಸಿರಿನಲ್ಲಿ ಕಲಿಸುವ ಇಂತಹ ಉಪಾಧ್ಯಾಯನಿಗೆ ಸಂಬಳವೂ ಬೇಕಿಲ್ಲ. ಒಂದಿಷ್ಟು ಸಮತಟ್ಟಾದ ನೆಲ, ಒಂದು ಸೀಟಿ, ನೋಡಿಕೊಳ್ಳಲು ಒಬ್ಬ ಶಿಕ್ಷಕ ಇದ್ದರೆ ಸಾಕು. ಆಟ ಉಳ್ಳವರ ಸೊತ್ತಲ್ಲ. ಉಳ್ಳವರಿಗೆ ಸೋಲಿನಿಂದ ಏಳಲು ಬೇರೆ ಊರುಗೋಲುಗಳಿವೆ. ಇಲ್ಲದವರಿಗೆ ಕಲಿತ ಧೈರ್ಯವೊಂದೇ ಊರುಗೋಲು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಏಳನೆಯ ತರಗತಿಯವರೆಗೆ ಗಂಡುಮಕ್ಕಳಿಗೆ ಸಮನಾಗಿ ಓಡುತ್ತಿದ್ದ ಬಾಲಿಕೆ ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಮೈದಾನದ ಅಂಚಿನಲ್ಲಿ ನಿಂತು ಚಪ್ಪಾಳೆ ತಟ್ಟುವವಳಾಗುತ್ತಾಳೆ. ಒಂಬತ್ತನೆಯ ತರಗತಿಯಲ್ಲಿ ಅಂಚಿನಲ್ಲಿಯೂ ಕಾಣುವುದಿಲ್ಲ. ಬೆಂಗಳೂರಿನ ಶಾಂತಾ ರಂಗಸ್ವಾಮಿಯವರು 1976ರಲ್ಲಿ ಭಾರತದ ಮಹಿಳಾ ತಂಡವು ಆಡಿದ ಮೊದಲ ಟೆಸ್ಟ್ ಪಂದ್ಯಕ್ಕೇ ನಾಯಕಿಯಾಗಿದ್ದರು. ಅರ್ಜುನ ಪ್ರಶಸ್ತಿಗೆ ಪಾತ್ರರಾದ ಮೊದಲ ಮಹಿಳಾ ಕ್ರಿಕೆಟ್ ಆಟಗಾರ್ತಿಯೂ ಅವರೇ. ಐದು ದಶಕಗಳ ಹಿಂದೆ ಸಾಧ್ಯವಾದುದು ಇಂದು ಕುರುಗೋಡಿನ ಕನ್ಯೆಗೆ ಏಕೆ ಸಾಧ್ಯವಾಗಬಾರದು? ಹನ್ನೆರಡನೆಯ ಶತಮಾನದಲ್ಲಿಯೇ ಹೆಣ್ಣಿನ ಕೈಗೆ ಅಕ್ಷರವನ್ನೂ ಅನುಭವ ಮಂಟಪದಲ್ಲಿ ಆಸನವನ್ನೂ ಕೊಟ್ಟ ಪರಂಪರೆಯ ಹೆಸರಿನಲ್ಲಿ ನಡೆಯುವ ಶಾಲೆಗಳು ಈ ಪ್ರಶ್ನೆಗೆ ಉತ್ತರ ಹೇಳಲೇಬೇಕು. ಹೆಚ್ಚಿನ ವೆಚ್ಚದ ಮಾತೇನೂ ಇಲ್ಲ. ಹೆಣ್ಣುಮಕ್ಕಳಿಗೆಂದೇ ಮೀಸಲಾದ ಒಂದು ಆಟದ ಅವಧಿ, ಬಟ್ಟೆ ಬದಲಿಸಲು ಬಾಗಿಲು ಭದ್ರವಾಗಿರುವ ಒಂದು ಕೊಠಡಿ, ಕೊನೆಯ ಬಸ್ಸು ತಪ್ಪದಂತೆ ನಿಗದಿಪಡಿಸಿದ ವೇಳೆ ಇಷ್ಟಾದರೆ ಅರ್ಧ ದಾರಿ ಸವೆದಂತೆ.

ಬಳ್ಳಾರಿ ಜಿಲ್ಲೆಯ ಕ್ರೀಡಾಭೂಪಟ ಇತ್ತೀಚಿನ ವರ್ಷಗಳಲ್ಲಿ ಬದಲಾಗಿದೆ. ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ತರಬೇತಿ ಕೇಂದ್ರದಲ್ಲಿ ಅಥ್ಲೆಟಿಕ್ಸ್, ಮುಷ್ಟಿಯುದ್ಧ, ಕುಸ್ತಿ, ಜೂಡೋಗಳಲ್ಲಿ ದೇಶದ ನಾನಾ ಭಾಗಗಳ ತರುಣ ತರುಣಿಯರು ಸಿದ್ಧರಾಗುತ್ತಾರೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 87.58 ಮೀಟರ್ ದೂರ ಭರ್ಜಿ ಎಸೆದು ಚಿನ್ನ ಗೆದ್ದ ನೀರಜ್ ಚೋಪ್ರಾ ಅವರೂ ಅಲ್ಲಿ ಅಭ್ಯಾಸ ನಡೆಸಿದವರಲ್ಲಿ ಒಬ್ಬರು. ಜಗತ್ತಿನ ಅತ್ಯುತ್ತಮರು ಬೆವರು ಸುರಿಸಿದ ನೆಲ ಬಳ್ಳಾರಿಗೆ ಇಷ್ಟು ಸಮೀಪದಲ್ಲಿರುವಾಗ, ಅದೇ ಜಿಲ್ಲೆಯ ಹಳ್ಳಿಯ ಶಾಲೆಯಲ್ಲಿ ಮಕ್ಕಳು ಒಂದು ಭರ್ಜಿಯನ್ನು ಕಣ್ಣಿನಿಂದ ಕಂಡಿರದಿದ್ದರೆ ಅದು ಸಣ್ಣ ಅಂತರವಲ್ಲ. ಶಿಖರ ಎಷ್ಟೇ ಎತ್ತರವಿರಲಿ, ತಳಪಾಯವಿರುವುದು ಶಾಲೆಯ ಅಂಗಳದಲ್ಲಿ.

ಹಾಗಾದರೆ ಮಾಡಬೇಕಾದುದೇನು? ಉಪದೇಶಕ್ಕಿಂತ ಕೆಲವು ಕಾರ್ಯಸಾಧ್ಯವಾದ ಸೂಚನೆಗಳು ಮೇಲು.

ಮೊದಲನೆಯದಾಗಿ, ವೇಳಾಪಟ್ಟಿಯಲ್ಲಿ ಬರೆದ ಆಟದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಸಾಲ ಕೊಡುವ ಪದ್ಧತಿ ನಿಲ್ಲಬೇಕು. ಈ ಸಾಲ ಎಂದೂ ತೀರುವುದಿಲ್ಲ. ವಿಶೇಷವಾಗಿ ಹತ್ತನೆಯ ತರಗತಿಯಲ್ಲಿ, ಮಕ್ಕಳಿಗೆ ದೇಹದ ದಣಿವಿನಿಂದ ಮನಸ್ಸಿನ ಬಿಡುವು ಅತ್ಯಂತ ಅಗತ್ಯವಾದ ವರ್ಷದಲ್ಲಿಯೇ, ಅದನ್ನು ಕಿತ್ತುಕೊಳ್ಳುವುದು ಬೇಸಿಗೆಯಲ್ಲಿ ಬಾವಿಗೆ ಮುಚ್ಚಳ ಹಾಕಿದಂತೆ. ಬಳ್ಳಾರಿಯಲ್ಲಿ ಇರುವುದು ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಋತುಗಳೆಂದು ಜನ ನಗೆಯಾಡುವುದುಂಟು. ಬಿಸಿಲಿನ ನೆಪ ನಿಜವೇ. ಆದರೆ ಬೆಳಗಿನ ಪ್ರಾರ್ಥನೆಗೆ ಮೊದಲಿನ ಅರ್ಧಗಂಟೆಯನ್ನು ಬಿಸಿಲು ಮುಟ್ಟುವುದಿಲ್ಲ. ಮೈದಾನದ ಸುತ್ತ ಬೇವು, ಹೊಂಗೆಗಳನ್ನು ನೆಟ್ಟರೆ ಹತ್ತು ವರ್ಷಗಳಲ್ಲಿ ಆ ನೆಪವೂ ಉಳಿಯುವುದಿಲ್ಲ.

ಎರಡನೆಯದಾಗಿ, ಕಪಾಟಿನ ಬೀಗ ತೆಗೆಯಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಒಂದರಿಂದ ಎಂಟನೆಯ ತರಗತಿಯವರೆಗಿನ ಪ್ರತಿ ಶಾಲೆಗೂ ಆಟದ ಮೈದಾನ, ಕ್ರೀಡಾಸಾಮಗ್ರಿ, ವೃತ್ತಪತ್ರಿಕೆ ಹಾಗೂ ಕಥೆಪುಸ್ತಕಗಳುಳ್ಳ ಗ್ರಂಥಾಲಯ ಇವು ಬೇಕೆಂದು ವಿಧಿಸಿದೆ. ಕಾನೂನು ಗರಡಿಯನ್ನೂ ಗ್ರಂಥಾಲಯವನ್ನೂ ಒಂದೇ ಪುಟದಲ್ಲಿ ಇರಿಸಿದೆ. ಮಕ್ಕಳಲ್ಲಿಯೇ ಇಬ್ಬರು ಮೂವರನ್ನು ಸರದಿಯಂತೆ ಗ್ರಂಥಪಾಲಕರನ್ನಾಗಿ ಮಾಡಿ, ವಾರಕ್ಕೊಂದು ಪುಸ್ತಕ ಮನೆಗೆ ಹೋಗುವಂತೆ ಏರ್ಪಡಿಸಿದರೆ, ಪುಸ್ತಕಗಳ ಲೆಕ್ಕವೂ ಉಳಿಯುತ್ತದೆ, ಹೊಣೆಗಾರಿಕೆಯೂ ಬೆಳೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಶಿಕ್ಷಕರು ಓದುವುದನ್ನು ಮಕ್ಕಳು ಕಣ್ಣಾರೆ ಕಾಣಬೇಕು. ಗುರುಗಳ ಕೈಯಲ್ಲಿ ಪಠ್ಯೇತರ ಪುಸ್ತಕವೊಂದನ್ನು ಕಾಣದ ಶಿಷ್ಯನಿಗೆ ಓದಿನ ಮಹತ್ತ್ವದ ಮೇಲೆ ಎಷ್ಟು ಭಾಷಣ ಮಾಡಿದರೂ ಅದು ಗೋರ್ಕಲ್ಲ ಮೇಲೆ ಮಳೆಗರೆದಂತೆ.

ಮೂರನೆಯದಾಗಿ, ಮೈದಾನದ ಮೇಲೆ ಕಟ್ಟಡ ಏಳಬಾರದು. ದಾನಿಗಳ ಔದಾರ್ಯದಿಂದ ಶಾಲೆಗಳು ಬೆಳೆದಿವೆ. ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘವು 1916ರಲ್ಲಿ ಹುಟ್ಟಿ, 1945ರಲ್ಲಿ ಕಾಲೇಜೊಂದನ್ನು ತೆರೆಯುವಂತಾದುದು ಇಂತಹ ಔದಾರ್ಯದಿಂದಲೇ. ಆ ಪೀಳಿಗೆಯ ತ್ಯಾಗಕ್ಕೆ ಎಷ್ಟು ನಮನ ಸಲ್ಲಿಸಿದರೂ ಕಡಿಮೆಯೇ. ಆದರೆ ಇಂದು ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಕೊಠಡಿಗೆ ಹಣ ದೊರೆಯುವಷ್ಟು ಸುಲಭವಾಗಿ, ಹೆಸರು ಉಳಿಯದ ವೆಚ್ಚಗಳಿಗೆ ಹಣ ದೊರೆಯುವುದಿಲ್ಲ. ಗ್ರಂಥಪಾಲಕರ ಸಂಬಳ, ವರ್ಷಕ್ಕೆ ಹತ್ತು ಚೆಂಡು, ಎರಡು ಬಲೆ, ನಾಲ್ಕು ಪತ್ರಿಕೆಗಳ ಚಂದಾ, ದೂರದ ಪಂದ್ಯಕ್ಕೆ ಹೋಗುವ ತಂಡದ ಬಸ್ಸಿನ ದರ್ಜು ಇವಕ್ಕೆ ಶಿಲಾಫಲಕವಿಲ್ಲ. ದಾಸೋಹದ ತತ್ತ್ವ ಹೇಳುವುದು ಕೊಟ್ಟವನು ತಾನು ಕೊಟ್ಟೆನೆಂಬುದನ್ನು ಮರೆಯಬೇಕೆಂದು. ಹೆಸರು ಕಾಣದ ಈ ದಾನವೇ ಆ ತತ್ತ್ವಕ್ಕೆ ಹೆಚ್ಚು ಹತ್ತಿರವಾದುದು.

ನಾಲ್ಕನೆಯದಾಗಿ, ಹಳೆಯ ವಿದ್ಯಾರ್ಥಿಗಳು ಹಣಕ್ಕಿಂತ ದುರ್ಲಭವಾದ ಕಾಲವನ್ನು ಕೊಡಬೇಕು. ವೈದ್ಯರಾದವರು ಮಕ್ಕಳ ಆಹಾರದ ಬಗೆಗೆ, ವಕೀಲರಾದವರು ವಾದದ ಶಿಸ್ತಿನ ಬಗೆಗೆ, ರೈತರಾಗಿ ಉಳಿದವರು ನೆಲದ ಬಗೆಗೆ, ಜಿಲ್ಲಾ ಮಟ್ಟದಲ್ಲಿ ಆಡಿದವರು ಆಟದ ಬಗೆಗೆ ವರ್ಷಕ್ಕೆರಡು ಬಾರಿ ಬಂದು ಮಕ್ಕಳೊಡನೆ ಕೂತು ಮಾತನಾಡಿದರೆ, ಅದರ ಬೆಲೆಯನ್ನು ಯಾವ ರಸೀದಿಯಲ್ಲಿಯೂ ಬರೆಯಲಾಗದು. ಗೆದ್ದ ಕಥೆಗಳಷ್ಟೇ ಅಲ್ಲ, ಸೋತ ಕಥೆಗಳನ್ನೂ ಅವರು ಹೇಳಬೇಕು. ಗಣ್ಯರೊಬ್ಬರು ತಾವು ಒಮ್ಮೆ ಅನುತ್ತೀರ್ಣರಾಗಿದ್ದುದನ್ನು ವೇದಿಕೆಯ ಮೇಲೆ ಹೇಳಿದ ದಿನ, ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತ ಹುಡುಗನ ಬೆನ್ನು ನೆಟ್ಟಗಾಗುತ್ತದೆ.

ಕೊನೆಯದಾಗಿ ಬಹುಮಾನಗಳ ಮಾತು. ಮೊದಲ ಮೂವರಿಗೆ ಬಹುಮಾನ ಕೊಡುವುದು ಲೋಕರೂಢಿ, ಅದು ಇರಲಿ. ಆದರೆ ಕಳೆದ ವರ್ಷಕ್ಕಿಂತ ಈ ವರ್ಷ ಹೆಚ್ಚು ಓಡಿದವನಿಗೆ, ಓದಲು ತಡವರಿಸುತ್ತಿದ್ದು ಈಗ ಒಂದು ಕಥೆಯನ್ನು ತಡೆಯಿಲ್ಲದೆ ಓದಿ ಮುಗಿಸಿದವಳಿಗೆ, ವರ್ಷವಿಡೀ ಬದಲಿ ಆಟಗಾರನಾಗಿ ನೀರು ಹೊತ್ತು ಒಂದು ದಿನವೂ ತಪ್ಪದೆ ಅಭ್ಯಾಸಕ್ಕೆ ಬಂದವನಿಗೆ ಒಂದೊಂದು ಪುಸ್ತಕ ಕೊಡುವ ಪದ್ಧತಿಯನ್ನು ಏಕೆ ಆರಂಭಿಸಬಾರದು? ಇತರರನ್ನು ಹಿಂದೆ ಹಾಕುವುದು ಜಯ. ನಿನ್ನೆಯ ತನ್ನನ್ನು ಹಿಂದೆ ಹಾಕುವುದು ಉತ್ಕೃಷ್ಟತೆ. ಜಯವು ಕೆಲವರಿಗೆ ಮಾತ್ರ ಸಾಧ್ಯ. ಉತ್ಕೃಷ್ಟತೆಯು ಎಲ್ಲರಿಗೂ ಸಾಧ್ಯ.

ಶರಣರು ಕಾಯಕಕ್ಕೆ ಮೇಲುಕೀಳೆಣಿಸಲಿಲ್ಲ. ಮಾಡುವ ಕೆಲಸ ಯಾವುದು ಎನ್ನುವುದಕ್ಕಿಂತ ಮಾಡುವ ಮನಸ್ಸು ಎಂತಹುದು ಎಂಬುದನ್ನು ಅವರು ನೋಡಿದರು. ವಿದ್ಯಾರ್ಥಿಯ ಕಾಯಕವೂ ಹಾಗೆಯೇ. ಓದು, ಆಟ, ಗಿಡಕ್ಕೆ ನೀರೆರೆಯುವುದು, ತರಗತಿಯನ್ನು ಗುಡಿಸುವುದು ಇವೆಲ್ಲ ಒಂದೇ ಕಾಯಕದ ಬೇರೆ ಬೇರೆ ಮುಖಗಳು. ಈ ಅರಿವು ಮೂಡಿದಾಗ ಆಟದ ಹುಡುಗ, ಓದುವ ಹುಡುಗಿ ಎಂಬ ಭೇದ ತಾನಾಗಿಯೇ ಅಳಿಯುತ್ತದೆ.

ಸಂಗನಕಲ್ಲಿನ ಬಂಡೆಯ ಮೇಲೆ ಕೊಡಲಿ ಮಸೆದವನ ಹೆಸರು ಯಾರಿಗೂ ತಿಳಿಯದು. ಕುರುಗೋಡಿನ ಬಸವಣ್ಣನನ್ನು ಕಡೆದವನ ಹೆಸರೂ ತಿಳಿಯದು. ಅವರಿಬ್ಬರೂ ಯಾವ ಪಟ್ಟಿಯಲ್ಲಿಯೂ ಇಲ್ಲದವರು. ಆದರೂ ಅವರ ಅಭ್ಯಾಸದ ಗುರುತು ಕಲ್ಲಿನಲ್ಲಿ ಉಳಿದಿದೆ. ಶಾಲೆಯ ಮೂರನೆಯ ಪಟ್ಟಿಯ ಮಕ್ಕಳಿಗೆ ಬೇಕಾದುದು ಅಂತಹ ಒಂದು ಬಂಡೆ ಮಾತ್ರ: ಬೆಳಗಿನ ಹೊತ್ತು ಓಡಲು ಒಂದು ಬಯಲು, ಸಂಜೆಯ ಹೊತ್ತು ಓದಲು ಒಂದು ತೆರೆದ ಕಪಾಟು, ಅವೆರಡರ ನಡುವೆ ಹೆಸರು ಹಿಡಿದು ಕರೆಯುವ ಒಬ್ಬ ಗುರು. ಇಷ್ಟನ್ನು ಒದಗಿಸಿದ ಶಾಲೆಯ ಮುಂದಿನ ಸಂಚಿಕೆಯಲ್ಲಿ ಪಟ್ಟಿಗಳು ಹೇಗಿದ್ದರೂ ಚಿಂತೆಯಿಲ್ಲ. ಅದರ ಅಂಗಳದಿಂದ ಹೊರಟ ಮಕ್ಕಳು ನಾಡಿನಲ್ಲಿ ಎಲ್ಲಿ ನಿಂತರೂ ನೆಟ್ಟಗೆ ನಿಲ್ಲುವರು.